ಕೊಡಗಿನ ಮಳೆಯಲ್ಲಿ ಎರಡು ದಿನ ರಜೆ: ಕಾಗದದ ಕರಕುಶಲ, ಮನೆ ಬೇಕಿಂಗ್ – ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಕೊಡಗಿನ ಮಕ್ಕಳಿಗೆ ಅಂಗಳ ಇರುವುದಿಲ್ಲ. ಶನಿವಾರ, ಭಾನುವಾರ ಮನೆಯೊಳಗೇ ಏನಾದರೂ ಮಾಡಬೇಕು. ಕಾಗದ ಮಡಚುವುದು, ಬಿಸ್ಕತ್ತು ಮಾಡುವುದು ಎಲ್ಲರಿಗೂ ಹೊಳೆಯುವ ಕೆಲಸಗಳೇ. ಆದರೆ ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದರೆ ಇಲ್ಲಿ ಕಾಗದ ಮೆತ್ತಗಾಗುತ್ತದೆ, ಬಿಸ್ಕತ್ತು ಸಂಜೆಯೊಳಗೆ ಗರಿ ಕಳೆದುಕೊಳ್ಳುತ್ತದೆ. ಎರಡಕ್ಕೂ ಕಾರಣ ಒಂದೇ, ನಮ್ಮ ಥಂಡಿ. ನೆಂಟರು, ಅಕ್ಕಪಕ್ಕದವರು, ಮಕ್ಕಳ ಗೆಳೆಯರ ಅಮ್ಮಂದಿರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಎರಡನ್ನೂ ಒಟ್ಟಿಗೆ ಯಾಕೆ? ಒಂದೊಂದೇ ಮಾಡಿದರೆ ಆಗಲ್ವಾ?

ಧಾರಾಳವಾಗಿ ಆಗುತ್ತದೆ. ಆದರೆ ಬೇಕಿಂಗ್‌ನಲ್ಲಿ ಕೆಲಸಕ್ಕಿಂತ ಕಾಯುವುದೇ ಜಾಸ್ತಿ. ಕೇಕ್ ಬೇಯಲು ಮುಕ್ಕಾಲು ಗಂಟೆ, ತಣಿಯಲು ಇನ್ನೊಂದು ಗಂಟೆ. ಆ ಹೊತ್ತಿಗೆ ಮಕ್ಕಳ ಕೈಗೆ ಕಾಗದ ಕತ್ತರಿ ಕೊಟ್ಟರೆ ಅವರು ಓವನ್ ಬಾಗಿಲು ತೆಗೆದು ತೆಗೆದು ನೋಡುವುದು ತಪ್ಪುತ್ತದೆ.

ನನ್ನ ಮಟ್ಟಿಗೆ ದೊಡ್ಡ ಲಾಭ ಬೇರೆಯೇ ಇದೆ. ಬೇಕಿಂಗ್ ಮುಗಿದ ಮೇಲೆ ಓವನ್‌ನಲ್ಲಿ ಕಾವು ಉಳಿಯುತ್ತದಲ್ಲ, ಬಿಸಿಲು ಕಾಣದ ಜುಲೈನಲ್ಲಿ ಅಂಟು ಹಚ್ಚಿದ ಕಾಗದ ಒಣಗಿಸಲು ಅದು ಸಾಕು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದಿಡಿ. ಒಳಗೆ ಕೈ ಇಟ್ಟರೆ ಬರೀ ಬೆಚ್ಚಗೆ ಅನ್ನಿಸಬೇಕು. ಆಮೇಲೆ ಕಾಗದ ಇಡಿ. ಓವನ್ ಉರಿಯುತ್ತಿರುವಾಗ ಕಾಗದದ ಸಾಮಾನು ಒಳಗೆ ಹೋಗಲೇಬಾರದು.

ಎರಡು ದಿನದಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಒಣಗಲು ಹೊತ್ತು ಬೇಕಾದದ್ದು ಮೊದಲು. ಮಡಿಕೇರಿ ಕಡೆಯವರಾದರೆ ಶುಕ್ರವಾರದ ಸಂತೆಗೆ ಹೇಗೂ ಹೋಗುತ್ತೀರಿ. ಬಾಳೆಹಣ್ಣು, ಮೈದಾ, ಬಣ್ಣದ ಕಾಗದ ಅವತ್ತೇ ತಂದಿಡಿ. ಶನಿವಾರ ಬೆಳಿಗ್ಗೆ ಅಂಟು ಕಾಯಿಸಿ, ಕಾಗದದ ಚೂರುಗಳನ್ನು ಪದರ ಪದರವಾಗಿ ಅಂಟಿಸಿ ಮಾಡುವ ಬಟ್ಟಲಿಗೆ ಮೊದಲ ಎರಡು ಪದರ ಹಚ್ಚಿ. ಮಧ್ಯಾಹ್ನ ನಾನ್‌ಖಟಾಯಿ. ಓವನ್ ತಣಿದ ಮೇಲೆ ಬಟ್ಟಲು ಒಳಗೆ. ಭಾನುವಾರ ಕೇಕ್, ಹೂವು, ಬಣ್ಣ. ಇದಕ್ಕಿಂತ ಜಾಸ್ತಿ ತುಂಬಿಸಿದರೆ ಸೋಮವಾರ ಬೆಳಿಗ್ಗೆ ಅಡುಗೆಮನೆ ಒರೆಸುವುದು ನೀವೇ.

ಕಾಗದ ಮಡಚಿದರೆ ಗೆರೆ ನಿಲ್ಲುವುದೇ ಇಲ್ಲ. ಕಾಗದ ಕೆಟ್ಟದ್ದಾ?

ಕಾಗದ ಸರಿಯಾಗಿಯೇ ಇದೆ, ಅದು ಗಾಳಿಯ ತೇವ ಹೀರಿಕೊಂಡಿದೆ ಅಷ್ಟೆ. ಮಳೆಗಾಲದಲ್ಲಿ ಹೊರಗೆ ಬಿಟ್ಟ ಹಾಳೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ತಂದ ಕೂಡಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರೊಳಗೆ ಹಾಕಿಡಿ. ಚಿಕ್ಕ ಮಕ್ಕಳ ಬಾಯಿಗೆ ಮಾತ್ರ ಸಿಗಬಾರದು. ಈಗಾಗಲೇ ಮೆತ್ತಗಾಗಿದ್ದರೆ ನೀರು ಹಾಕದ ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒಮ್ಮೆ ಎಳೆಯಿರಿ. ಸೌದೆ ಒಲೆ ಇರುವ ಮನೆಯಲ್ಲಿ ಒಲೆ ಮೇಲಿನ ಅಟ್ಟವೂ ಆಗುತ್ತದೆ. ಹೊಗೆಯ ವಾಸನೆ ಹಿಡಿಯುತ್ತದೆ, ಅದು ಒಪ್ಪಿಗೆ ಆದರೆ.

ಯಾವ ಕಾಗದಕ್ಕೆ ಯಾವ ಕೆಲಸ?

ದೋಣಿ, ಡಬ್ಬಿ, ಹಕ್ಕಿ ಮಡಚಲು ಜೆರಾಕ್ಸ್ ಅಂಗಡಿಯ ಎ4 ಹಾಳೆ ಸಾಕು. ಅದು 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಒಂದು ಮೂಲೆಯನ್ನು ಎದುರಿನ ಅಂಚಿಗೆ ಮಡಚಿ, ಉಳಿದ ಪಟ್ಟಿಯನ್ನು ಕತ್ತರಿಸಿದರೆ ಸರಿಯಾದ ಚೌಕ ಸಿಗುತ್ತದೆ. ಆ 87 ಮಿ.ಮೀ. ಪಟ್ಟಿ ಎಸೆಯಬೇಡಿ, ಹೂವಿಗೆ ಬರುತ್ತದೆ. ಚಾರ್ಟ್ ಪೇಪರ್ ಮಡಚಲು ದಪ್ಪವಾಯಿತು, ಡಬ್ಬಿಯ ತಳಕ್ಕೆ ಒಳ್ಳೆಯದು. ಗ್ಲೇಜ್ ಪೇಪರ್ ನೋಡಲು ಚೆಂದ, ಆದರೆ ಮಡಿಕೆಯಲ್ಲಿ ಬಿಳಿ ಗೆರೆ ಬೀಳುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಮಿಷನ್‌ನಲ್ಲಿ ತಯಾರಾದ ಕಾಗದದ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ನ್ಯೂಸ್‌ಪೇಪರ್ ಹರಿದು ನೋಡಿ: ಒಂದು ಕಡೆಯಿಂದ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಯಿಂದ ಅಡ್ಡಾದಿಡ್ಡಿ. ನೇರವಾಗಿ ಹರಿಯುವ ದಿಕ್ಕಿಗೇ ಮಡಚಿದರೆ ಮಡಿಕೆ ಚೊಕ್ಕವಾಗಿ ಬರುತ್ತದೆ. ತೇವ ಹಿಡಿದಾಗ ಕಾಗದ ಹಿಗ್ಗುವುದೂ ಈ ನಾರಿಗೆ ಅಡ್ಡಲಾಗಿಯೇ ಜಾಸ್ತಿ. ಹಾಗಾಗಿಯೇ ಗೋಡೆಗೆ ಅಂಟಿಸಿದ ಚಾರ್ಟ್ ಒಂದೇ ಕಡೆಗೆ ಸುರುಳಿ ಸುತ್ತಿಕೊಳ್ಳುವುದು.

ಅಂಟು ಮನೆಯಲ್ಲೇ ಮಾಡುವುದು ಹೇಗೆ?

ಒಂದು ಅಳತೆ ಮೈದಾ, ಐದು ಅಳತೆ ನೀರು. ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಉಳಿದ ನೀರು ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಹಾಲಿನ ಬಣ್ಣ ಹೋಗಿ, ಹೊಳಪು ಬಂದು, ಸೌಟಿನಿಂದ ದಪ್ಪಗೆ ಇಳಿಯುವಾಗ ಇಳಿಸಿ. ತಣಿದ ಮೇಲೆ ಬಳಸಿ. ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ.

ಕೆಡದಿರಲಿ ಅಂತ ಉಪ್ಪು ಹಾಕುವವರಿದ್ದಾರೆ. ಬಯಲುಸೀಮೆಯಲ್ಲಿ ಸರಿ. ನಮ್ಮಲ್ಲಿ ಬೇಡ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅಂಟು ಒಣಗುವುದೇ ಇಲ್ಲ. ಬಟ್ಟಲಿಗೆ ಪದರ ಹಚ್ಚುವಾಗಲೂ ಒಂದೇ ಸಲ ನಾಲ್ಕು ಪದರ ಮೆತ್ತಬೇಡಿ. ಎರಡು ಹಚ್ಚಿ, ಒಣಗಿಸಿ, ಮತ್ತೆ ಎರಡು. ಇಲ್ಲದಿದ್ದರೆ ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೂಷ್ಟು.

ಹಿಂದೆ ಮೈದಾ ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರಲ್ಲ, ಹಾಕಬಹುದಾ?

ಮಕ್ಕಳು ಮುಟ್ಟುವ ಅಂಟಿಗೆ ಖಂಡಿತ ಹಾಕಬೇಡಿ. ಪುಸ್ತಕ ಕಟ್ಟುವವರು ಹುಳ ಬಾರದಿರಲಿ ಅಂತ ಹಾಕುತ್ತಿದ್ದದ್ದು ನಿಜ. ತೋಟದ ಮನೆಗಳಲ್ಲಿ ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಕೈಗೆ ಸಿಗುವ ಹಾಗೆಯೂ ಇರುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಅದು ವಿಷ. ಅಂಟು ಕಾಯಿಸಿದ ಪಾತ್ರೆಯಲ್ಲೇ ನಾಳೆ ಕೇಕ್ ಹಿಟ್ಟು ಕಲಸುತ್ತೀರಿ ಅನ್ನುವುದು ನೆನಪಿರಲಿ.

ಕೊಡಗಿನದ್ದೇ ಅನ್ನಿಸುವ ಒಂದು ಕಾಗದದ ಕೆಲಸ ಹೇಳಿ.

ಕಾಫಿ ಹೂವಿನ ರೆಂಬೆ. ಅಂಗಡಿಯ ಗುಲಾಬಿಗಿಂತ ಇದು ಸುಲಭ, ನೋಡಿದವರು ಕೂಡಲೇ ಗುರುತಿಸುತ್ತಾರೆ.

ತೋಟದಲ್ಲಿ ಕತ್ತರಿಸಿ ಹಾಕಿದ ಒಣ ಕಾಫಿ ರೆಂಬೆ ಒಂದು ತನ್ನಿ. ತೆಳ್ಳಗಿನ ಬಿಳಿ ಕಾಗದದಲ್ಲಿ 3 ಸೆಂ.ಮೀ. ಅಗಲ, 4 ಸೆಂ.ಮೀ. ಉದ್ದದ ತುಂಡು ಮಾಡಿ. ಮೇಲಿನಿಂದ ಸುಮಾರು ಎರಡೂವರೆ ಸೆಂ.ಮೀ. ಆಳಕ್ಕೆ ನಾಲ್ಕು ಸೀಳು ಹಾಕಿ, ಐದು ಎಸಳಾಗುತ್ತವೆ. ಎಸಳಿನ ತುದಿ ಚೂಪಾಗಿ ಕತ್ತರಿಸಿ. ಕೆಳಗಿನ ಸೀಳದ ಭಾಗವನ್ನು ಬೆಂಕಿಕಡ್ಡಿಗೆ ಸುತ್ತಿ ಅಂಟಿಸಿ, ಕಡ್ಡಿ ಎಳೆದುಬಿಡಿ. ಸಣ್ಣ ಕೊಳವೆ, ಅದರ ಬಾಯಲ್ಲಿ ಐದು ಎಸಳು. ನಿಜವಾದ ಹೂವೂ ಹೀಗೆಯೇ ಇರುತ್ತದೆ. ಎಸಳನ್ನು ಪೆನ್ಸಿಲ್‌ಗೆ ಸುತ್ತಿ ಹೊರಗೆ ಬಾಗಿಸಿ. ಕೊಳವೆಯೊಳಗೆ ಬಿಳಿ ದಾರದ ಎರಡು ಎಳೆ ಇಳಿಬಿಟ್ಟರೆ ಇನ್ನೂ ಚೆಂದ.

ಎಲ್ಲರೂ ಹೂವನ್ನು ರೆಂಬೆಯ ತುದಿಗೆ ಅಂಟಿಸುತ್ತಾರೆ. ಕಾಫಿ ಹೂ ತುದಿಯಲ್ಲಿ ಬಿಡುವುದಲ್ಲ, ಎಲೆ ರೆಂಬೆಗೆ ಸೇರುವ ಗಿಣ್ಣಿನಲ್ಲಿ ಗೊಂಚಲಾಗಿ ಬಿಡುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ, ಅಂಚು ಸ್ವಲ್ಪ ಅಲೆ ಅಲೆ, ಮೇಲ್ಮೈ ಹೊಳಪು. ಎಲೆಗೆ ಹಸಿರು ಗ್ಲೇಜ್ ಪೇಪರ್ ಹೇಳಿ ಮಾಡಿಸಿದ್ದು. ಒಂದೊಂದು ಗಿಣ್ಣಿಗೆ ಎರಡೂ ಬದಿ ಆರೇಳು ಹೂ ಒತ್ತೊತ್ತಾಗಿ ಅಂಟಿಸಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಹಾಗೇ ಕಾಣಬೇಕು. ಪರಿಮಳಕ್ಕೆ ಮಾತ್ರ ಮಾರ್ಚ್ ತನಕ ಕಾಯಿರಿ.

ಬಣ್ಣಕ್ಕೆ ಅಡುಗೆಮನೆಯಲ್ಲೇ ಏನಿದೆ?

ಉಳಿದ ಕಾಫಿ ಡಿಕಾಕ್ಷನ್ ಬಿಳಿ ಹಾಳೆಗೆ ಬಳಿದು ಒಣಗಿಸಿದರೆ ಹಳೇ ಓಲೆಯ ಬಣ್ಣ ಬರುತ್ತದೆ. ಅರಿಶಿನದ ನೀರು ಬಳಿದ ಹಾಳೆ ಇನ್ನೂ ಮಜಾ: ಒಣಗಿದ ಮೇಲೆ ಸುಣ್ಣದ ತಿಳಿನೀರಲ್ಲಿ ಅದ್ದಿದ ಕಡ್ಡಿಯಿಂದ ಗೀಚಿದರೆ ಹಳದಿ ಮೇಲೆ ಕೆಂಪು ಅಕ್ಷರ ಮೂಡುತ್ತದೆ. ಕುಂಕುಮ ಮಾಡುವುದೂ ಇದೇ ಗುಟ್ಟಿನಲ್ಲಿ. ಸುಣ್ಣದ ಕೆಲಸ ದೊಡ್ಡವರ ಎದುರಿಗೇ ಆಗಲಿ, ಕಣ್ಣಿಗೆ ತಾಗಬಾರದು. ನಿಂಬೆರಸ ಸವರಿದರೆ ಕೆಂಪು ಮತ್ತೆ ಹಳದಿಯಾಗುತ್ತದೆ. ಮಕ್ಕಳು ಇದನ್ನೇ ಗಂಟೆಗಟ್ಟಲೆ ಆಡುತ್ತಾರೆ, ಹೂವು ಡಬ್ಬಿ ಎಲ್ಲ ಮರೆತು. ಆಟಿ ತಿಂಗಳಲ್ಲಿ ಮದ್ದುಸೊಪ್ಪು (ಆ ಸಮಯದಲ್ಲಿ ನಮ್ಮಲ್ಲಿ ಅಡುಗೆಗೆ ಬಳಸುವ ಔಷಧಿ ಸೊಪ್ಪು) ಬೇಯಿಸಿದ ನೀರು ಒಂದು ಲೋಟ ಉಳಿಸಿಕೊಂಡರೆ ನೇರಳೆ ಬಣ್ಣಕ್ಕೂ ದಾರಿಯಾಯಿತು.

ಓವನ್ ಇಲ್ಲ. ಕುಕ್ಕರ್‌ನಲ್ಲಿ ಮಾಡಬಹುದಾ?

ಮಾಡಬಹುದು. ಆದರೆ ದಿನಾ ಅನ್ನ ಮಾಡುವ ಕುಕ್ಕರ್ ಬೇಡ. ನೀರಿಲ್ಲದೆ ಗಂಟೆಗಟ್ಟಲೆ ಕಾಯಿಸಿದರೆ ಅಲ್ಯೂಮಿನಿಯಂ ಕುಕ್ಕರ್ ಹಾಳಾಗುತ್ತದೆ. ಹಳೆಯದು ಇದ್ದರೆ ಗ್ಯಾಸ್ಕೆಟ್, ವೆಯಿಟ್ ಎರಡನ್ನೂ ತೆಗೆದು ಬಳಸಿ. ಅದಕ್ಕಿಂತ ದಪ್ಪ ತಳದ ದೊಡ್ಡ ಪಾತ್ರೆ, ಮೇಲೆ ಸರಿಯಾಗಿ ಕೂರುವ ಮುಚ್ಚಳ ಉತ್ತಮ.

ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಡಿ. ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಲಿ. ಕೇಕ್ ಡಬ್ಬಿ ಇಟ್ಟ ಮೇಲೆ ಸಣ್ಣ ಉರಿ. ಓವನ್‌ಗಿಂತ ಹತ್ತು ಹದಿನೈದು ನಿಮಿಷ ಜಾಸ್ತಿ ಬೇಕು. ಮೊದಲ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ. ಆಮೇಲೆ ತೆಂಗಿನ ಗರಿಯ ಶುದ್ಧ ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟದೆ ಬಂದರೆ ಆಯಿತು. ಹೀಗೆ ಮಾಡಿದ ಕೇಕಿನ ಮೇಲ್ಭಾಗ ಕೆಂಪಗಾಗುವುದಿಲ್ಲ. ಬೆಂದಿಲ್ಲ ಅಂತ ಅಲ್ಲ, ಮೇಲಿನಿಂದ ಕಾವು ಸಾಲದು. ಉಪ್ಪು ತಣಿದ ಮೇಲೆ ಡಬ್ಬಿಗೆ ಹಾಕಿಡಿ, ಮುಂದಿನ ಸಲಕ್ಕೂ ಅದೇ ಆಗುತ್ತದೆ. ಅಡುಗೆಗೆ ಬೇಡ.

ಕೇಕ್ ಅರ್ಧ ಬೆಂದಾಗ ಕರೆಂಟ್ ಹೋದರೆ?

ಲೈನ್ ಮೇಲೆ ಮರದ ಕೊಂಬೆ ಬಿದ್ದರೆ ಯಾವಾಗ ಬರುತ್ತದೋ ಹೇಳಲಾಗದು, ಅಲ್ವಾ? ಓಟಿಜಿ, ಅಂದರೆ ಮನೆಯ ಕರೆಂಟ್ ಓವನ್, ಸಾವಿರಕ್ಕಿಂತ ಜಾಸ್ತಿ ವ್ಯಾಟ್ ಎಳೆಯುತ್ತದೆ. ಲೈಟು, ಫ್ಯಾನಿಗೆ ಹಾಕಿಸಿದ ಮನೆ ಇನ್ವರ್ಟರ್‌ಗೆ ಅದನ್ನು ಜೋಡಿಸಬೇಡಿ. ಮುಕ್ಕಾಲು ಬೆಂದಿದ್ದರೆ ಬಾಗಿಲು ತೆಗೆಯದೆ ಬಿಡಿ, ಒಳಗಿನ ಕಾವಿನಲ್ಲೇ ಬಹಳಷ್ಟು ಸಾರಿ ಆಗಿಬಿಡುತ್ತದೆ. ಇನ್ನೂ ಹಸಿ ಇದ್ದರೆ ಗ್ಯಾಸ್ ಮೇಲೆ ಪಾತ್ರೆ ಕಾಯಿಸಿ ಅದಕ್ಕೆ ವರ್ಗಾಯಿಸಿ. ಗಾಳಿ ಮಳೆ ಜೋರಿರುವ ದಿನ ಮೊದಲೇ ಗ್ಯಾಸ್‌ನಲ್ಲೇ ಶುರು ಮಾಡುವುದು ಜಾಣತನ.

ಮೊದಲ ಸಲ ಮಾಡುವವರಿಗೆ ಯಾವ ಬಿಸ್ಕತ್ತು?

ನಾನ್‌ಖಟಾಯಿ. ಮೊಟ್ಟೆ ಬೇಡ, ಲಟ್ಟಿಸುವುದು ಬೇಡ, ತುಪ್ಪ ನಮ್ಮ ಚಳಿಗೆ ಹೇಗೂ ಗಟ್ಟಿಯಾಗಿಯೇ ಇರುತ್ತದೆ. ಅರ್ಧ ಕಪ್ ಗಟ್ಟಿ ತುಪ್ಪ, ಅರ್ಧ ಕಪ್ ಸಕ್ಕರೆ ಪುಡಿ ಸೇರಿಸಿ ಬಿಳುಪಾಗುವ ತನಕ ಕೈಯಲ್ಲೇ ತಿಕ್ಕಿ. ಒಂದು ಕಪ್ ಮೈದಾ, ಕಾಲು ಕಪ್ ಕಡಲೆ ಹಿಟ್ಟು, ಒಂದು ಚಿಟಿಕೆ ಸೋಡಾ, ನಾಲ್ಕು ಏಲಕ್ಕಿಯ ಪುಡಿ ಜರಡಿ ಹಿಡಿದು ಹಾಕಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಒಟ್ಟು ಸೇರಿದರೆ ಸಾಕು. ಉದುರುತ್ತಿದ್ದರೆ ಇನ್ನೊಂದು ಚಮಚ ತುಪ್ಪ. ಸಣ್ಣ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಮೆಲ್ಲಗೆ ಒತ್ತಿ, ದೂರ ದೂರ ಇಡಿ. ಮೊದಲೇ ಕಾದ ಓವನ್‌ನಲ್ಲಿ 170 ಡಿಗ್ರಿ, 15ರಿಂದ 18 ನಿಮಿಷ.

ಹೊರತೆಗೆದಾಗ ಮುಟ್ಟಿದರೆ ಮೆತ್ತಗಿರುತ್ತದೆ. ಮತ್ತೆ ಒಳಗಿಡಬೇಡಿ, ತಣಿದಾಗ ಗಟ್ಟಿಯಾಗುತ್ತದೆ. ಮೇಲೆ ಬಿಳುಪು, ತಳದಲ್ಲಿ ತೆಳು ಕಂದು, ಅದೇ ಹದ. ಇಲ್ಲಿ ಕಪ್ ಅಂದರೆ 240 ಮಿ.ಲೀ., ಅದರ ತುಂಬ ಮೈದಾ ಸುಮಾರು 125 ಗ್ರಾಂ. ಅಳತೆ ಕಪ್ ಇಲ್ಲದಿದ್ದರೆ ಒಂದೇ ಲೋಟದಲ್ಲಿ ಎಲ್ಲವನ್ನೂ ಅಳೆಯಿರಿ.

ಮೊಟ್ಟೆ ಇಲ್ಲದೆ ಕೇಕ್ ಉಬ್ಬುತ್ತದಾ?

ಉಬ್ಬುತ್ತದೆ. ಕಪ್ಪಾಗುತ್ತಿರುವ ಬಾಳೆಹಣ್ಣಿದ್ದರೆ ಇದನ್ನು ಮಾಡಿ. ಪಚ್ಚಬಾಳೆಯಾದರೆ ಮೂರು, ಪುಟ್ಟಬಾಳೆಯಾದರೆ ಆರೇಳು ಕಿವುಚಿ. ಮುಕ್ಕಾಲು ಕಪ್ ಸಕ್ಕರೆ, ಕಾಲು ಕಪ್ ಮೊಸರು, ಅರ್ಧ ಕಪ್‌ಗಿಂತ ಸ್ವಲ್ಪ ಕಮ್ಮಿ ಎಣ್ಣೆ ಸೇರಿಸಿ. ಒಂದೂವರೆ ಕಪ್ ಮೈದಾ, ಒಂದು ಸಣ್ಣ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಜರಡಿ ಹಿಡಿದು ಹಾಕಿ ಹಗುರವಾಗಿ ಕಲಸಿ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಜಾಸ್ತಿ ತಿರುವಿದರೆ ಮೈದಾದ ಅಂಟು (ಗ್ಲುಟನ್) ಬಿಗಿದು ಕೇಕ್ ರಬ್ಬರ್ ಆಗುತ್ತದೆ. 180 ಡಿಗ್ರಿಯಲ್ಲಿ 45ರಿಂದ 50 ನಿಮಿಷ.

ಕಲಸಿ ಇಟ್ಟು ಮಾತಾಡುತ್ತಾ ಕೂರಬೇಡಿ. ಸೋಡಾ ಹುಳಿ ಸಿಕ್ಕಿದ ಕ್ಷಣವೇ ಗುಳ್ಳೆ ಬಿಡಲು ಶುರು ಮಾಡುತ್ತದೆ. ಹೊತ್ತು ಕಳೆದರೆ ಗುಳ್ಳೆಯೆಲ್ಲ ಹೋಗಿ ಕೇಕ್ ಚಪ್ಪಟೆ.

ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿದರೆ?

ಸೋಡಾ ಕೇಕನ್ನು ಚೆನ್ನಾಗಿ ಉಬ್ಬಿಸಲು ಮೊಸರು, ನಿಂಬೆ ತರಹದ ಹುಳಿ ಬೇಕು. ಬೇಕಿಂಗ್ ಪೌಡರ್‌ನಲ್ಲಿ ಹುಳಿಯೂ ಸೇರಿಯೇ ಇರುತ್ತದೆ, ಆದರೆ ಶಕ್ತಿ ಕಮ್ಮಿ. ಒಂದು ಚಮಚ ಸೋಡಾ ಬದಲಿಗೆ ಸುಮಾರು ಮೂರು ಚಮಚ ಬೇಕು. ಡಬ್ಬಿ ತೆರೆದು ತಿಂಗಳುಗಳಾಗಿದ್ದರೆ ಸ್ವಲ್ಪ ಬಿಸಿನೀರಿಗೆ ಹಾಕಿ ನೋಡಿ, ಜುಮ್ಮನೆ ನೊರೆ ಬರಬೇಕು. ನಮ್ಮ ಥಂಡಿಗೆ ಇದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಅಕ್ಕಿ ಹಿಟ್ಟಿನಲ್ಲೇ ಕೇಕ್ ಮಾಡಬಹುದಾ?

ಪೂರ್ತಿ ಅಕ್ಕಿ ಹಿಟ್ಟಾದರೆ ಪುಡಿ ಪುಡಿಯಾಗುತ್ತದೆ, ಹಿಡಿದಿಡುವ ಅಂಟು ಅದರಲ್ಲಿಲ್ಲ. ಮೈದಾದ ಕಾಲು ಭಾಗಕ್ಕೆ ಬದಲಾಗಿ ಹಾಕಿ. ಬಿಸ್ಕತ್ತಿಗೆ ಮಾತ್ರ ಅಕ್ಕಿ ಹಿಟ್ಟು ಬಲು ರುಚಿ, ಗರಿ ಜಾಸ್ತಿ ಬರುತ್ತದೆ.

ಮಡಿಕೇರಿ ಎತ್ತರದಲ್ಲಿದೆಯಲ್ಲ, ಅದಕ್ಕೆ ಅಳತೆ ಬದಲಿಸಬೇಕಾ?

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಗುಳ್ಳೆ ಸ್ವಲ್ಪ ಬೇಗ ಹಿಗ್ಗುತ್ತದೆ. ಕೇಕ್ ಎದ್ದು ನಡುವೆ ಕುಸಿಯುತ್ತಿದ್ದರೆ ಸೋಡಾ ಒಂದು ಚಿಟಿಕೆ ಕಮ್ಮಿ ಮಾಡಿ. ಅಷ್ಟು ಸಾಕು.

ಎತ್ತರಕ್ಕಿಂತ ತೊಂದರೆ ಕೊಡುವುದು ಚಳಿ. ಬೆಣ್ಣೆಯನ್ನು ಹೊರಗಿಟ್ಟು ಮೆತ್ತಗೆ ಮಾಡಿ ಅನ್ನುತ್ತಾರೆ, ನಮ್ಮ ಜುಲೈನಲ್ಲಿ ಹೊರಗಿಟ್ಟರೂ ಅದು ಕಲ್ಲೇ. ತುಂಡು ಮಾಡಿ, ಬಿಸಿನೀರಿನ ಪಾತ್ರೆಯ ಪಕ್ಕ ಇಡಿ. ಕರಗಿಸಬೇಡಿ. ಬನ್ ಮಾಡುವವರು ಯೀಸ್ಟ್ ಹಾಕಿದ ಹಿಟ್ಟನ್ನು ಆಫ್ ಮಾಡಿದ ಓವನ್‌ನಲ್ಲಿ ಒಂದು ಬಟ್ಟಲು ಬಿಸಿನೀರಿನ ಜೊತೆ ಮುಚ್ಚಿಡಿ. ಯೀಸ್ಟ್ ನೆನೆಸುವ ನೀರು ಮಾತ್ರ ಉಗುರು ಬೆಚ್ಚಗಿರಲಿ. 60 ಡಿಗ್ರಿ ಮುಟ್ಟಿದರೆ ಯೀಸ್ಟ್ ಸತ್ತೇ ಹೋಗುತ್ತದೆ.

ಬಿಸ್ಕತ್ತು ಮರುದಿನಕ್ಕೇ ಮೆತ್ತಗಾಗುತ್ತದೆ. ಏನು ಮಾಡುವುದು?

ಸಕ್ಕರೆ ತೇವ ಎಳೆಯುತ್ತದೆ, ಅದಕ್ಕೇ. ಪೂರ್ತಿ ತಣಿಯದೆ ಡಬ್ಬಿಗೆ ಹಾಕಬೇಡಿ, ಅದರದ್ದೇ ಆವಿ ಅದನ್ನೇ ಹಾಳು ಮಾಡುತ್ತದೆ. ಹಾಗಂತ ಹೊರಗೆ ರಾತ್ರಿಯಿಡೀ ಬಿಡಲೂಬೇಡಿ. ತಣಿದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಕೇಕ್ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ತಣಿಸಿದರೆ ಗರಿ ವಾಪಸ್ ಬರುತ್ತದೆ.

ಜೇನು, ಕಿತ್ತಳೆ, ಕಾಫಿ, ಕಾಚಂಪುಳಿ: ಊರಿನ ಸಾಮಾನು ಹಾಕಬಹುದಾ?

ಜೇನು ಹಾಕಿದರೆ ಬೇಗ ಕೆಂಪಾಗುತ್ತದೆ. ಉರಿ 10–15 ಡಿಗ್ರಿ ಇಳಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ್ದನ್ನು ಕೊಡಬಾರದು, ಬೇಯಿಸಿದ್ದಾದರೂ. ಕಿತ್ತಳೆಯ ಸಿಪ್ಪೆ ತುರಿಯುವಾಗ ಮೇಲಿನ ಬಣ್ಣದ ಪದರ ಮಾತ್ರ. ಬಿಳಿ ಬಂದರೆ ಕಹಿ. ಕಾಫಿಗೆ ಗಟ್ಟಿ ಡಿಕಾಕ್ಷನ್ ಹಾಕಿ, ಪುಡಿ ಹಾಕಿದರೆ ಹಲ್ಲಿಗೆ ಸಿಗುತ್ತದೆ. ವಿನೆಗರ್ ಬದಲು ಕಾಚಂಪುಳಿ ಅಂತ ಕೇಳುವವರು ಪ್ರತಿ ವರ್ಷ ಇದ್ದಾರೆ. ಹುಳಿ ಏನೋ ಸಾಕಷ್ಟಿದೆ, ಆದರೆ ಆ ಕಪ್ಪು, ಆ ಘಾಟು ಕೇಕಿಗಲ್ಲ. ಅದನ್ನು ಪಂದಿ ಕರಿಗೆ ಬಿಡಿ.

ಮಾಡಿದ ಬಿಸ್ಕತ್ತನ್ನು ನ್ಯೂಸ್‌ಪೇಪರ್ ಪೊಟ್ಟಣದಲ್ಲಿ ಕಟ್ಟಿ ಕೊಡಬಹುದಾ?

ಪೊಟ್ಟಣ ಚೆಂದ, ತಿಂಡಿಗೆ ಬೇಡ. ಮುದ್ರಣದ ಶಾಯಿ ಎಣ್ಣೆ ಜಿಡ್ಡಿಗೆ ಇಳಿಯುತ್ತದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮ ನ್ಯೂಸ್‌ಪೇಪರ್‌ನಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿದೆ. ಬಾಳೆಎಲೆ ಬಾಡಿಸಿ ಸುತ್ತಿ, ಅಥವಾ ಬಟರ್ ಪೇಪರ್‌ನಲ್ಲಿ ಕಟ್ಟಿ ಆಮೇಲೆ ಪೊಟ್ಟಣಕ್ಕೆ ಹಾಕಿ. ಓವನ್ ಒಳಗೆ ಇಡುವ ಕಾಗದಕ್ಕೆ ಓವನ್‌ಗೆ ಆಗುತ್ತದೆ ಅಂತ ಬರೆದಿರಬೇಕು. ಮೇಣದ ಕಾಗದ ಇಟ್ಟರೆ ಮೇಣ ಕರಗಿ ಹೊಗೆ.

ಎಷ್ಟು ವಯಸ್ಸಿನ ಮಕ್ಕಳಿಗೆ ಏನು ಕೊಡುವುದು?

ನಾಲ್ಕೈದು ವರ್ಷದವರಿಗೆ ಹರಿಯುವುದು, ಅಂಟು ಹಚ್ಚುವುದು, ಉಂಡೆ ಕಟ್ಟುವುದು. ಸ್ವಲ್ಪ ದೊಡ್ಡವರಿಗೆ ಮೊಂಡು ತುದಿಯ ಕತ್ತರಿ, ಅಳತೆ. ಬ್ಲೇಡು, ಒಲೆ, ಓವನ್ ದೊಡ್ಡವರದ್ದೇ. ಹಸಿ ಹಿಟ್ಟು ನೆಕ್ಕಲು ಬಿಡಬೇಡಿ, ಹಸಿ ಮೈದಾದಲ್ಲೂ ರೋಗಾಣು ಇರಬಹುದು.

ಯಾವ ಕಾಗದವನ್ನೂ ಏಳಕ್ಕಿಂತ ಜಾಸ್ತಿ ಸಲ ಅರ್ಧಕ್ಕೆ ಮಡಚಲು ಆಗಲ್ವಂತೆ, ಹೌದಾ?

ಮನೆಯಲ್ಲಿರುವ ಹಾಳೆಯಲ್ಲಿ ಹೆಚ್ಚುಕಮ್ಮಿ ಹೌದು. ಏಳು ಸಲ ಮಡಚಿದರೆ 128 ಪದರ. ಆದರೆ 2002ರಲ್ಲಿ ಅಮೆರಿಕದ ಶಾಲಾ ಹುಡುಗಿ ಬ್ರಿಟ್ನಿ ಗ್ಯಾಲಿವನ್ ಸುಮಾರು 1.2 ಕಿ.ಮೀ. ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಚಿ ತೋರಿಸಿದಳು. ಅಂದರೆ 4,096 ಪದರ. ಕೇಕ್ ಬೇಯುವ ಹೊತ್ತಿಗೆ ಮಕ್ಕಳಿಗೆ ಒಂದು ನ್ಯೂಸ್‌ಪೇಪರ್ ಹಾಳೆ ಕೊಟ್ಟು ಪಂದ್ಯ ಇಡಿ.

ಚೆನ್ನಾಗಿ ಬಂದರೆ ಮಾರಬಹುದಾ?

ಕಾಗದದ ಸಾಮಾನಿಗೆ ಅಡ್ಡಿಯಿಲ್ಲ. ತಿಂಡಿ ಮಾರಲು, ಮನೆಯಲ್ಲೇ ಸಣ್ಣದಾಗಿ ಮಾಡಿದರೂ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ನೋಂದಣಿ ಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಹೋಮ್‌ಸ್ಟೇ ನಡೆಸುವ ಗುರುತಿನವರಿಗೆ ಕೊಡುವುದಾದರೂ ಅದೇ ಲೆಕ್ಕ. ಪೊಟ್ಟಣದ ಮೇಲೆ ಮಾಡಿದ ತಾರೀಕು ಬರೆಯಿರಿ, ಮಳೆಗಾಲದಲ್ಲಿ ಬಾಳೆ ಕೇಕ್ ಹೊರಗಿಟ್ಟರೆ ಎರಡು ದಿನಕ್ಕಿಂತ ಜಾಸ್ತಿ ನಂಬಬೇಡಿ.